ಹಳೆಯ ಬಟ್ಟೆ ನೀರು ಹೀರುವುದಿಲ್ಲ ಎನ್ನುವವರಿಗೆ

ನಮ್ಮ ಅಡುಗೆಮನೆಯಲ್ಲಿ ಟಿಶ್ಯೂ ಪೇಪರಿನ ಸುರುಳಿ ಕಾಣದ ನೆಂಟರು, ಸ್ನೇಹಿತರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ನಾವೂ ಹಳೆಯ ಬಟ್ಟೆ ಇಟ್ಟು ನೋಡಿದೆವು, ಅದು ನೀರನ್ನೇ ಹೀರುವುದಿಲ್ಲ, ಎರಡು ದಿನಕ್ಕೆ ವಾಸನೆ ಬೇರೆ. ನಿಮ್ಮಲ್ಲಿ ಹೇಗೆ ನಡೆಯುತ್ತದೆ?’

ಅದು ಯಾವ ಬಟ್ಟೆ ಎಂದು ನಾನು ಮೊದಲು ವಿಚಾರಿಸುತ್ತೇನೆ. ಬಹುತೇಕ ಸಲ ಅದು ಟೆರಿಕಾಟ್ ಅಂಗಿಯೋ ಪಾಲಿಯೆಸ್ಟರ್ ನೈಟಿಯೋ ಆಗಿರುತ್ತದೆ. ಹತ್ತಿ ಗಾಳಿಯ ತೇವದಿಂದಲೇ ತನ್ನ ತೂಕದ ಸುಮಾರು ಶೇ. 8ರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ ಶೇ. 1ರಷ್ಟನ್ನೂ ಹಿಡಿಯುವುದಿಲ್ಲ. ಹತ್ತಿಯಾದರೂ ಹೊಸದರಲ್ಲಿ ಅಷ್ಟಾಗಿ ಹೀರದು, ಏಕೆಂದರೆ ನೇಯುವಾಗ ನೂಲಿಗೆ ಹಾಕಿದ ಗಂಜಿ ಮತ್ತು ಎಳೆಯ ಸಹಜ ಮೇಣ ಪೂರ್ತಿ ಹೋಗಲು ಹಲವು ಒಗೆತ ಬೇಕು. ಹಾಗಾಗಿ ವರ್ಷಗಟ್ಟಲೆ ಒಗೆದು ಸವೆದ ಪಂಚೆ, ನೂಲಿನ ಸೀರೆ, ಕೂಸಿನ ಲಂಗೋಟಿಗಳೇ ಈ ಕೆಲಸಕ್ಕೆ ಹೇಳಿಮಾಡಿಸಿದವು. ಸಂದೇಹವಿದ್ದರೆ ಅಂಚಿನಿಂದ ಒಂದೆಳೆ ತೆಗೆದು ಸುಟ್ಟು ನೋಡಿ: ಹತ್ತಿ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ.

ಈ ಪರೀಕ್ಷೆಯನ್ನು ನಾನು ಕಲಿತದ್ದು ಜೋಳದ ರೊಟ್ಟಿಯಿಂದ. ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದ ಕೂಡಲೇ ಒಣಹಿಟ್ಟು ಇರುವ ಮಗ್ಗುಲಿಗೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ಆ ಬಟ್ಟೆಯ ತುದಿ ಕಾದ ಹಂಚಿಗೆ ತಗಲದೆ ಇರುವುದಿಲ್ಲ. ಒಮ್ಮೆ ಕೈಗೆ ಸಿಕ್ಕ ಮಿಶ್ರನೂಲಿನ ತುಂಡನ್ನು ಬಳಸಿದಾಗ ಅದು ಕರಗಿ ಹಂಚಿಗೆ ಅಂಟಿಕೊಂಡಿತು, ಆ ರೊಟ್ಟಿಯನ್ನು ಎಸೆಯಬೇಕಾಯಿತು. ಅಂದಿನಿಂದ ರೊಟ್ಟಿಗೆ ಅಜ್ಜಿಯ ನೂಲಿನ ಸೀರೆಯ ತುಂಡೇ ಮೀಸಲು. ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ ಬೇರೆ, ಕಟ್ಟೆ ಒರೆಸುವುದು ಬೇರೆ. ಇವು ಮೂರೂ ಎಂದಿಗೂ ಅದಲುಬದಲಾಗಬಾರದು.

ವಾಸನೆಗೆ ಕಾರಣ ಬಟ್ಟೆಯಲ್ಲ, ಅದು ಮುದ್ದೆಯಾಗಿ ಒದ್ದೆಯಲ್ಲಿ ಬಿದ್ದಿರುವುದು. ನಾನು ಅಂಗೈಯಗಲದ ಇಪ್ಪತ್ತು ತುಂಡುಗಳನ್ನು ಮಾಡಿಟ್ಟಿದ್ದೇನೆ. ಬಳಸಿದ್ದನ್ನು ಹಿಂಡಿ ಹರಡಿ, ದಿನದ ಕೊನೆಗೆ ಇತರ ಬಟ್ಟೆಗಳ ಜೊತೆಗೇ ಒಗೆಯುವುದರಿಂದ ನೀರಿನ ಖರ್ಚು ಹೇಳಿಕೊಳ್ಳುವಷ್ಟಿಲ್ಲ. ವಾರಕ್ಕೊಮ್ಮೆ ಸೋಡಾ ಹಾಕಿದ ನೀರಿನಲ್ಲಿ ಕುದಿಸಿ ಬಿಸಿಲಿಗೆ ಹಾಕುತ್ತೇನೆ. ಬಟ್ಟೆ ಮೃದುಗೊಳಿಸುವ ದ್ರಾವಣವನ್ನು ಮಾತ್ರ ಬಳಸಬೇಡಿ, ಅದು ಎಳೆಗಳ ಮೇಲೆ ಪದರವಾಗಿ ಕೂತು ಹೀರುವ ಗುಣವನ್ನು ಕುಂದಿಸುತ್ತದೆ. ಹಸಿ ಮೀನು, ಮಾಂಸ ಒರೆಸಿದ್ದನ್ನು ಅಂದೇ ಬೇರೆಯಾಗಿ ಕುದಿಸಬೇಕು. ಅಷ್ಟು ಪುರುಸೊತ್ತಿಲ್ಲದವರು ಅಲ್ಲಿ ಕಾಗದವನ್ನೇ ಬಳಸಲಿ, ನನ್ನ ಆಕ್ಷೇಪವಿಲ್ಲ.

ಕರಿದ ಬಜ್ಜಿಯ ಎಣ್ಣೆಗೆ ಏನು ಮಾಡುವುದು ಎಂಬುದು ಇದರ ಬೆನ್ನಿಗೇ ಬರುವ ಪ್ರಶ್ನೆ. ಅಗಲ ಜರಡಿಯ ಕೆಳಗೆ ತಟ್ಟೆ ಇಟ್ಟರೆ ಸಾಕು. ದಿನಪತ್ರಿಕೆಯ ಹಾಳೆ ಖಂಡಿತ ಬೇಡ. ಅದರ ಶಾಯಿ ತಿನಿಸಿಗೆ ಇಳಿಯುತ್ತದೆಂದು ಆಹಾರ ಸುರಕ್ಷತಾ ಪ್ರಾಧಿಕಾರವೇ 2016ರಲ್ಲಿ ಎಚ್ಚರಿಸಿದೆ.

ಜಾಳಾಗಿ ಹರಿದ ತುಂಡುಗಳಿಂದ ಕೊನೆಗೆ ಸೈಕಲ್ ಚೈನ್ ಒರೆಸಿ ಬಿಸಾಡುತ್ತೇವೆ. ಎಣ್ಣೆ ತಾಗದವು ಗಿಡದ ಬುಡದ ಗೊಬ್ಬರದ ಗುಂಡಿಗೆ ಹೋಗುತ್ತವೆ. ಕೆಲವು ತಿಂಗಳ ನಂತರ ಗುಂಡಿ ಕೆದಕಿದರೆ ಹತ್ತಿ ಎಲ್ಲಿಯೂ ಕಾಣುವುದಿಲ್ಲ; ಅಂಚು ಹೊಲಿದಿದ್ದ ಪಾಲಿಯೆಸ್ಟರ್ ದಾರ ಮಾತ್ರ ಬಣ್ಣ ಮಾಸದೆ ಸಿಕ್ಕುಸಿಕ್ಕಾಗಿ ಕೈಗೆ ಬರುತ್ತದೆ. ಆದ್ದರಿಂದ ಈಗ ಹೊಲಿದ ಅಂಚನ್ನು ಕತ್ತರಿಸಿ ತೆಗೆದೇ ತುಂಡು ಮಾಡುತ್ತೇನೆ.