ಹದಿನೈದು ದಿನ ಕಾಡಿದ ಗುಂಯ್

ನಿನ್ನೆ ರಾತ್ರಿ ಒಂದೂವರೆಗೆ ನಮ್ಮನೆ ಪಿಡಿಪಿ-1 ಕಂಪ್ಯೂಟರು ಸರಳೆ ವರಸೆ ಹಾಡಿತು. ಗುಂಯ್ ಅನ್ನದೆ!

ಅಸಲಿಯಲ್ಲ, ಆ ಹಳೇ ಕಂಪ್ಯೂಟರಿನ ನಕಲು: ಮುಂದೆ ಬಲ್ಬಿನ ಪ್ಯಾನೆಲ್, ಒಳಗೆ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರು, ಅದರಲ್ಲಿ ಪಿಡಿಪಿ-1ರಂತೆ ನಟಿಸುವ ನನ್ನ ಪ್ರೋಗ್ರಾಂ, ಅಂದರೆ ಎಮ್ಯುಲೇಟರ್. ಬೆಸುಗೆಯ ಕಥೆ ಬಿಡಿ. 1960ರ ದಶಕದ ಮೊದಲಲ್ಲಿ ಎಂಐಟಿಯಲ್ಲಿ ಪೀಟರ್ ಸ್ಯಾಮ್ಸನ್ ಮಾಡಿದ್ದನ್ನೇ ನಾನೂ ಮಾಡಿದ್ದು. ಆರು ಪ್ರೋಗ್ರಾಂ ಫ್ಲ್ಯಾಗ್‌ಗಳಲ್ಲಿ (ಪ್ರೋಗ್ರಾಂ ಹಾಕಿ ಆರಿಸುವ ಸ್ವಿಚ್ಚಿನಂಥವು, ಬೇಗ ಬೇಗ ಹಾಕಿ ಆರಿಸಿದರೆ ಸ್ವರ) ನಾಲ್ಕರಿಂದ ತಂತಿ ಎಳೆದು ಆಂಪ್ಲಿಫೈಯರ್‌ಗೆ ಕೊಟ್ಟರೆ ನಾಲ್ಕು ದನಿ. ಅವರದು ಬಾಖ್. ನನ್ನದು ಒಂದು ಫ್ಲ್ಯಾಗಿಗೆ ಮಾಯಾಮಾಳವಗೌಳ, ಉಳಿದ ಮೂರಕ್ಕೆ ಸ-ಪ-ಸ ಶ್ರುತಿ. ಫ್ಲ್ಯಾಗ್ ಅಂದರೆ ಸೊನ್ನೆ, ಇಲ್ಲ ಒಂದು. ದಯವಿಟ್ಟು ಗಮಕ ಕೇಳಬೇಡಿ.

ಸ್ವರಗಳ ಕೆಳಗೆ ಒಂದು ಗುಂಯ್ ಇತ್ತು. ಅಳೆದರೆ ಸರಿಯಾಗಿ 100 ಹರ್ಟ್ಸ್. ನಮ್ಮ ಕರೆಂಟು 50, ಅದನ್ನು ಡಿಸಿ ಮಾಡುವ ಬ್ರಿಡ್ಜ್ ದಾಟಿದ ಮೇಲೆ ಉಳಿಯುವ ಏರಿಳಿತ, ಅಂದರೆ ರಿಪಲ್, 100. ಕಳ್ಳ ಸಿಕ್ಕಿಬಿದ್ದ ಅಂದುಕೊಂಡೆ. ರಿಪಲ್ ಅಡಗಿಸಲು ಕೆಪಾಸಿಟರ್ ಬೇಕಿತ್ತು. ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಯೊಂದರಲ್ಲಿ 2200 ಮೈಕ್ರೋಫ್ಯಾರಡ್ ಅಂತ ಕೊಟ್ಟ ಕೆಪಾಸಿಟರ್ ಮೀಟರಿನಲ್ಲಿ 1400 ತೋರಿಸಿತು. ವಾಪಸ್ ಒಯ್ದರೆ, 'ನಿಮ್ಮ ಮೀಟರೇ ಸರಿಯಿಲ್ಲ ಸಾರ್.' ಇನ್ನೊಂದು ಕಡೆ ಕೊಂಡು ಹಾಕಿದೆ. ಗ್ರೌಂಡ್ ವೈರನ್ನು ಮೂರು ಸಲ ಬಿಚ್ಚಿ ಕಟ್ಟಿದೆ. ಗುಂಯ್ ಜಗ್ಗಲಿಲ್ಲ.

ಮೊನ್ನೆ ಸಂಜೆ ಕರೆಂಟು ಹೋಯಿತು. ಸುಮ್ನೆ ಪೈ, ಆಂಪ್ಲಿಫೈಯರ್ ಎರಡನ್ನೂ ಬ್ಯಾಟರಿಗೆ ಹಾಕಿದೆ. ಗುಂಯ್! ಬೀದಿಯಲ್ಲೇ ಕರೆಂಟಿಲ್ಲ, ಇನ್ನು ರಿಪಲ್ ಎಲ್ಲಿಂದ?

ತಪ್ಪು ನನ್ನ ಎಮ್ಯುಲೇಟರಿನದು. ಪಿಡಿಪಿ-1ರ ಒಂದು ಮೆಮೊರಿ ಸೈಕಲ್ 5 ಮೈಕ್ರೋಸೆಕೆಂಡು. ನಾನು 2000 ಸೈಕಲ್ ಒಂದೇ ಉಸಿರಿಗೆ ಓಡಿಸಿ, 10 ಮಿಲಿಸೆಕೆಂಡು ತುಂಬುವವರೆಗೆ ಅದನ್ನು ಮಲಗಿಸುತ್ತಿದ್ದೆ. ಸೆಕೆಂಡಿಗೆ 100 ನಿದ್ದೆ, 100 ಸಲ ದನಿ ತಡೆಯುತ್ತಿತ್ತು, ಅದೇ ಗುಂಯ್! ನಾನು ಬರೆದ ಪೈಥಾನ್ ಭಾಷೆ ಆಮೆ ಥರ ಓಡುವುದರಿಂದ ನಿದ್ದೆ ಸಣ್ಣದಿತ್ತು, ಹಾಡು ಅಷ್ಟಾದರೂ ಕೇಳುತ್ತಿತ್ತು. ವೇಗದ ಸಿ ಭಾಷೆಯಲ್ಲಿ ಬರೆದಿದ್ದರೆ ಹಾಡೇ ಇರುತ್ತಿರಲಿಲ್ಲ, ಮೊದಲ ದಿನವೇ ಸಿಕ್ಕಿಬೀಳುತ್ತಿದ್ದೆ.

ಈಗ ಫ್ಲ್ಯಾಗ್ ಬದಲಾದ ಕೂಡಲೇ ಆಂಪ್ಲಿಫೈಯರ್‌ಗೆ ಹೋಗುವ ಪಿನ್ ಮುಟ್ಟುವುದಿಲ್ಲ. ಎಷ್ಟನೇ ಸೈಕಲ್ಲಿನಲ್ಲಿ ಬದಲಾಯಿತು ಅಂತ ಸಾಲಿಗೆ ಸೇರಿಸುತ್ತೇನೆ. ಪಕ್ಕದ ಪಿಕೋ ಅನ್ನೋ ಪುಟ್ಟ ಕಂಟ್ರೋಲರ್ ಬೋರ್ಡು ಅದನ್ನು ಹೊತ್ತಿಗೆ ಸರಿಯಾಗಿ ಬಿಡುತ್ತದೆ. ಹಾಡು 20 ಮಿಲಿಸೆಕೆಂಡು ತಡ. ಯಾರಿಗೆ ಗೊತ್ತಾಗುತ್ತದೆ, ಅಲ್ವಾ?

ಅಂದಹಾಗೆ, 1951ರಲ್ಲಿ ಸಿಡ್ನಿಯಲ್ಲಿ ಹಾಡಿದ ಸೈರ್ಯಾಕ್ (CSIRAC) ಕಂಪ್ಯೂಟರಿಗೆ ಈ ತಲೆನೋವು ಇನ್ನೂ ಜಾಸ್ತಿ. ಅದರ ಮೆಮೊರಿಯೇ ಪಾದರಸದ ಕೊಳವೆಯಲ್ಲಿ ಓಡುವ ಸದ್ದು. ಬೇಕಾದ ಪದ, ಅಂದರೆ ಮೆಮೊರಿಯ ಒಂದು ತುಣುಕು, ಸುತ್ತಿ ಬರುವವರೆಗೆ ಕಾಯಬೇಕು. ಪದ ಎಲ್ಲಿ ಇಟ್ಟಿರಿ ಅನ್ನುವುದರ ಮೇಲೆ ಶ್ರುತಿ! ಮುಂದೆ ಕಟ್ಟುವುದು ಅದನ್ನೇ. ಪಾದರಸ ತರುವುದಿಲ್ಲ ಅಂತ ಮನೆಯಲ್ಲಿ ಮಾತು ಕೊಟ್ಟಾಗಿದೆ, ಸದ್ದನ್ನು ನಿಕ್ಕಲ್ ತಂತಿಯಲ್ಲಿ ಓಡಿಸಿ ನೋಡಬೇಕು. ಶನಿವಾರ ಮತ್ತೆ ಎಸ್‌ಪಿ ರೋಡು. ಈ ಸಲ ಮೀಟರ್ ಜೇಬಿನಲ್ಲಿ.