ಬೆರಳಲ್ಲಿ ಎತ್ತಿದ ನಗು

ಭಾನುವಾರ, 12 ಜನವರಿ 2025

ನಿನ್ನೆ ರಾತ್ರಿ ಒಂದು, ಇವತ್ತು ಊಟವಾದ ಮೇಲೆ ಇನ್ನೊಂದು. ಎರಡೂ ಅಮೆರಿಕದ ನಿರ್ದೇಶಕ ಡಿ. ಡಬ್ಲ್ಯೂ. ಗ್ರಿಫಿತ್‌ನ ಮೂಕಿಚಿತ್ರಗಳು. ಎರಡರಲ್ಲೂ ಲಿಲಿಯನ್ ಗಿಶ್ ಮತ್ತು ರಿಚರ್ಡ್ ಬಾರ್ತೆಲ್ಮೆಸ್ ಜೋಡಿ.

ಇವತ್ತಿನದು 1920ರ 'ವೇ ಡೌನ್ ಈಸ್ಟ್'. ಶ್ರೀಮಂತನೊಬ್ಬ ಹಳ್ಳಿ ಹುಡುಗಿ ಆ್ಯನಾಳನ್ನು ಸುಳ್ಳು ಮದುವೆಯಾಗಿ, ಬಸುರಿ ಮಾಡಿ ಕೈಬಿಡುತ್ತಾನೆ. ಸಾಯುತ್ತಿರುವ ಕೂಸಿಗೆ ಅವಳೇ ನೀರು ಚಿಮುಕಿಸಿ ಹೆಸರಿಡುತ್ತಾಳೆ. ಆಮೇಲೆ ಕೆಲಸಕ್ಕೆ ಸೇರಿದ ಮನೆಯ ಯಜಮಾನನಿಗೆ ವಿಷಯ ಗೊತ್ತಾಗಿ, ಹಿಮ ಸುರಿಯುವ ರಾತ್ರಿ ಆಚೆ ನಡಿ ಅನ್ನುತ್ತಾನೆ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಮ್ಮ, "ಆ ಹಾಳಾದವನು ಅಲ್ಲೇ ಊಟಕ್ಕೆ ಕೂತಿದಾನಲ್ಲೋ!" ಎಂದಳು. ಆ್ಯನಾ ಅವನತ್ತ ಬೆರಳು ತೋರಿಸಿ ಕೇಳುವುದೂ ಅದನ್ನೇ.

ನಡುವಿನ ಹಳ್ಳಿ ಹಾಸ್ಯವನ್ನು ಓಡಿಸಿಬಿಟ್ಟೆ, ತಲೆನೋವು. ಕೊನೆಯ ಹೊಳೆಯ ದೃಶ್ಯ ಮಾತ್ರ ಬಿಡುವಂಥದ್ದಲ್ಲ. ಒಡೆದ ಮಂಜುಗಡ್ಡೆಯ ಮೇಲೆ ಪ್ರಜ್ಞೆತಪ್ಪಿ ಬಿದ್ದ ಗಿಶ್, ಕೈ ಮತ್ತು ಕೂದಲು ಕೊರೆಯುವ ನೀರಲ್ಲಿ, ಮುಂದೆ ಜಲಪಾತ. ಕೈ ನೀರಿಗೆ ಬಿಡುವ ಯೋಚನೆ ಅವಳದೇ ಅಂತೆ. ಬಾರ್ತೆಲ್ಮೆಸ್ ಗಡ್ಡೆಯಿಂದ ಗಡ್ಡೆಗೆ ಹಾರಿ ಬರುವಾಗ ಅಮ್ಮನ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು.

ನಿನ್ನೆ ನೋಡಿದ 1919ರ 'ಬ್ರೋಕನ್ ಬ್ಲಾಸಮ್ಸ್'ನಲ್ಲಿ ಹೊಳೆಯೂ ಇಲ್ಲ, ಕಾಪಾಡುವವನು ಹೊತ್ತಿಗೆ ಬರುವುದೂ ಇಲ್ಲ. ಲಂಡನ್ನಿನ ಲೈಮ್‌ಹೌಸ್, ಕುಡುಕ ಬಾಕ್ಸರ್ ಅಪ್ಪ, ಹೊಡೆತ ತಿನ್ನುವ ಲೂಸಿ, ಅವಳಿಗೆ ಆಸರೆ ಕೊಡುವ ಚೀನೀ ಅಂಗಡಿಯವನು. ಅವನ ಪಾತ್ರಕ್ಕೆ ಬಿಳಿಯ ಬಾರ್ತೆಲ್ಮೆಸ್ ಕಣ್ಣು ಕಿರಿದು ಮಾಡಿಕೊಂಡಿರುವುದು ಈಗ ನೋಡಲು ಮುಜುಗರ. ಕಥೆಯೂ ತೆಳ್ಳಗೆ, ಒಂದೇ ಉಸಿರಿಗೆ ಹೇಳಿಬಿಡಬಹುದು.

ಆದರೂ ನನಗೆ ಇದೇ ಹೆಚ್ಚು. ಅಪ್ಪ ನಗು ಅಂತ ಗದರಿದರೆ ಲೂಸಿಗೆ ನಗು ಬರುವುದಿಲ್ಲ. ಎರಡು ಬೆರಳಿಂದ ತುಟಿಯ ಕೊನೆಗಳನ್ನು ಮೇಲೆತ್ತುತ್ತಾಳೆ. ಬೆರಳು ತೆಗೆದರೆ ಮುಖ ಮತ್ತೆ ಮೊದಲಿನಂತೆ. ಆಮೇಲೆ ಆ ಗೂಡಿನಂಥ ಕೋಣೆ. ಹೊರಗೆ ಅಪ್ಪ ಕೊಡಲಿಯಿಂದ ಬಾಗಿಲು ಸೀಳುತ್ತಿದ್ದಾನೆ, ಒಳಗೆ ಅವಳು ನಿಂತಲ್ಲೇ ಗಿರಗಿರನೆ ಸುತ್ತುತ್ತಿದ್ದಾಳೆ. ಸಂಗೀತ ಪೂರ್ತಿ ಮುಚ್ಚಿ ಇನ್ನೊಮ್ಮೆ ನೋಡಿದೆ. ಕಿರುಚಾಟ ಕಡಿಮೆಯಾಗಲಿಲ್ಲ. ಸಾಯುವಾಗಲೂ ಅದೇ ಎರಡು ಬೆರಳು, ಅದೇ ನಗು.

"ನಿನ್ನೆ ನೋಡಿದ್ದೂ ಇದೇ ಹುಡುಗೀದಾ? ಹಾಕು, ನೋಡೋಣ" ಎಂದಳು ಅಮ್ಮ, ಸಿಪ್ಪೆ ಬಾಚಿಕೊಳ್ಳುತ್ತಾ.

ಇವತ್ತು ಬೇಡಮ್ಮ ಅಂದೆ.