ಸಾಕೆಟ್‌ನಲ್ಲಿ ದಾಖಲೆಯ ಗಡಿಯನ್ನು ನಾವೇ ಗುರುತಿಸಬೇಕು

ಪುಣೆಯ ಭೋಸರಿಯ ಕಾರ್ಖಾನೆಯೊಂದರಲ್ಲಿ ಲಾರಿ ತೂಗುವ ಕಾಟಾದ ಪಕ್ಕದ ಕೋಣೆಯಲ್ಲಿ ವಿಂಡೋಸ್ 98 ಇದ್ದ ಹಳೆಯ ಡೆಸ್ಕ್‌ಟಾಪ್ ಒಂದಿತ್ತು. ಅಲ್ಲಿಂದ ಪ್ರತಿ ಲಾರಿಯ ಸಂಖ್ಯೆಯನ್ನೂ ತೂಕವನ್ನೂ ಕಚೇರಿಯ ಬಿಲ್ಲಿಂಗ್ ಕಂಪ್ಯೂಟರಿಗೆ ತಲುಪಿಸಲು, ವಿನ್‌ಸಾಕ್ (ವಿಂಡೋಸ್‌ನಲ್ಲಿ ಸಾಕೆಟ್, ಅಂದರೆ ಎರಡು ಪ್ರೋಗ್ರಾಂಗಳ ನಡುವಿನ ಸಂಪರ್ಕದ ತುದಿ, ಬಳಸಲು ಇರುವ ಸೌಲಭ್ಯ) ಬಳಸಿ ಎರಡು ಪ್ರೋಗ್ರಾಂ ಬರೆಯುವ ಕೆಲಸ ನನ್ನದಾಗಿತ್ತು. ಎರಡನ್ನೂ ನನ್ನ ಯಂತ್ರದಲ್ಲೇ 127.0.0.1 ಎಂಬ, ಯಂತ್ರ ತನ್ನೊಡನೆ ತಾನೇ ಮಾತಾಡುವ ವಿಳಾಸದಲ್ಲಿ ಓಡಿಸಿದಾಗ ಒಂದು ಸೆಂಡ್‌ಗೆ (ಕಳುಹಿಸುವ ಕರೆ) ಒಂದು ರಿಸೀವ್ (ಪಡೆಯುವ ಕರೆ) ಪ್ರತಿ ಬಾರಿಯೂ ಹೊಂದಿಕೊಂಡಿತು. ಅದೇ ನಿಯಮವೆಂದು ನಾನು ನಂಬಿದೆ.

ಮೂರನೆಯ ವಾರ, ಲೆಕ್ಕಪತ್ರ ನೋಡುತ್ತಿದ್ದ ವಿಜಯಪುರದ ಹಿರಿಯರು ಕರೆದು, “ತಮ್ಮಾ, 12480 ಕಿಲೋ ಇರಬೇಕಾದ ಲಾರಿ ಬರೇ 124 ಅಂತ ಬಿದ್ದೈತಿ ನೋಡು” ಎಂದರು. ಉಳಿದ ‘80’ ಮುಂದಿನ ರಿಸೀವ್‌ನಲ್ಲಿ ಬಂದು, ಅರ್ಥವಾಗದ ದಾಖಲೆಯೆಂದು ಪ್ರೋಗ್ರಾಂ ಅದನ್ನು ಎಸೆದಿತ್ತು. ಬೇರೆ ದಿನಗಳಲ್ಲಿ ಎರಡು ಲಾರಿಗಳ ದಾಖಲೆ ಅಂಟಿಕೊಂಡು ಬಂದು, ಎರಡನೆಯದು ಕಾಣೆಯಾಗಿತ್ತು. ಸಾಗಿಸಿದವನ ಹಣ ಆ ಅಂಕಿಯ ಮೇಲೆ ನಿಂತಿರುವುದರಿಂದ ಇದನ್ನು ನಾನು ಸಣ್ಣ ದೋಷವೆಂದು ಇಂದಿಗೂ ಎಣಿಸಲಾರೆ.

ಈ ಸಂಪರ್ಕದ ಹಿಂದಿರುವ ಟಿಸಿಪಿ ಎಂಬ ಸಂವಹನ ನಿಯಮಾವಳಿ ಬೈಟ್‌ಗಳನ್ನು ಕ್ರಮ ತಪ್ಪದೆ ತಲುಪಿಸುತ್ತದೆ, ಆದರೆ ಒಂದು ಸೆಂಡ್ ಎಲ್ಲಿ ಮುಗಿಯಿತೆಂಬ ಗುರುತನ್ನು ಉಳಿಸುವುದಿಲ್ಲ. ಜಾನ್ ನೇಗಲ್ 1984ರಲ್ಲಿ ಆರ್‌ಎಫ್‌ಸಿ 896 ಎಂಬ ಇಂಟರ್‌ನೆಟ್ ತಾಂತ್ರಿಕ ಟಿಪ್ಪಣಿಯಲ್ಲಿ ವಿವರಿಸಿದ ಕ್ರಮದಂತೆ, ಹಿಂದೆ ಕಳುಹಿಸಿದ್ದಕ್ಕೆ ಸ್ವೀಕೃತಿ ಬರುವವರೆಗೆ ಸಣ್ಣ ತುಣುಕುಗಳನ್ನು ತಡೆದು ಒಟ್ಟುಗೂಡಿಸುವುದೂ ಉಂಟು. ಸಹೋದ್ಯೋಗಿಯೊಬ್ಬರ ಸಲಹೆಯಂತೆ ಟಿಸಿಪಿ ನೋ-ಡಿಲೇ (TCP_NODELAY, ‘ತಡಮಾಡಬೇಡ’) ಆಯ್ಕೆಯಿಂದ ಆ ಒಟ್ಟುಗೂಡಿಸುವಿಕೆಯನ್ನು ನಿಲ್ಲಿಸಿದೆ. ತಪ್ಪುಗಳು ಕಡಿಮೆಯಾದವೇ ಹೊರತು ನಿಲ್ಲಲಿಲ್ಲ. ನನ್ನ ಮಟ್ಟಿಗೆ ಅದು ರೋಗ ಮರೆಸುವ ಮದ್ದು.

ಕೊನೆಗೆ ಪ್ರತಿ ದಾಖಲೆಯ ಮುಂದೆ ಎರಡು ಬೈಟ್‌ಗಳಲ್ಲಿ ಅದರ ಉದ್ದವನ್ನು ಬರೆದು ಕಳುಹಿಸತೊಡಗಿದೆ. ಪಡೆಯುವ ಕಡೆ, ಬಂದದ್ದನ್ನೆಲ್ಲ ಒಂದು ಬಫರ್‌ನಲ್ಲಿ (ತಾತ್ಕಾಲಿಕ ಸಂಗ್ರಹ) ಕೂಡಿಸುತ್ತಾ ಹೋಗಿ, ಆ ಉದ್ದ ತುಂಬಿದ ಮೇಲಷ್ಟೇ ದಾಖಲೆಯನ್ನು ಹೊರತೆಗೆದು, ಮಿಕ್ಕ ಬೈಟ್‌ಗಳನ್ನು ಮುಂದಿನದಕ್ಕೆ ಉಳಿಸಿದೆ. ರಿಸೀವ್ ಸೊನ್ನೆ ಹಿಂತಿರುಗಿಸಿದರೆ ಆಚೆಯವರು ಸಂಪರ್ಕ ಮುಚ್ಚಿದ್ದಾರೆಂದು ಅರ್ಥ. ಅದನ್ನು ಖಾಲಿ ದಾಖಲೆಯೆಂದು ತಿಳಿಯಬಾರದು. ಉದ್ದವನ್ನು ಎಚ್‌ಟಿಒಎನ್‌ಎಸ್ (htons) ಎಂಬ ಫಂಕ್ಷನ್ ಮೂಲಕ ಜಾಲದ ಬೈಟ್ ಕ್ರಮಕ್ಕೆ (ದೊಡ್ಡ ಬೆಲೆಯ ಬೈಟ್ ಮೊದಲು) ತಿರುಗಿಸುವುದನ್ನು ಮೊದಲು ಬಿಟ್ಟಿದ್ದೆ. ಎರಡೂ ಯಂತ್ರಗಳು ಒಂದೇ ಬೈಟ್ ಕ್ರಮದ ಇಂಟೆಲ್ ಆದ್ದರಿಂದ ಅದು ತಿಳಿಯಲಿಲ್ಲ, ಆದರೆ ಹಿಮ್ಮುಖ ಬೈಟ್ ಕ್ರಮದ ಯಂತ್ರಕ್ಕೆ 46 ಎಂಬ ಉದ್ದ 11776 ಎಂದು ಕಾಣುತ್ತಿತ್ತು.

ಆಮೇಲೆ ದಾಖಲೆಯನ್ನು ಒಂದೊಂದೇ ಬೈಟ್‌ನಂತೆ ಬಿಟ್ಟು ಬಿಟ್ಟು ಕಳುಹಿಸುವ, ಮತ್ತೆ ಐದು ದಾಖಲೆಗಳನ್ನು ಒಂದೇ ಸೆಂಡ್‌ನಲ್ಲಿ ತಳ್ಳುವ ಪುಟ್ಟ ಪರೀಕ್ಷಾ ಪ್ರೋಗ್ರಾಂ ಬರೆದೆ. ಅದರಲ್ಲಿ ಒಂದೂ ತೂಕ ಕೆಡದ ಮೇಲೆಯೇ ಹೊಸ ಫ್ಲಾಪಿಯನ್ನು ಭೋಸರಿಗೆ ಒಯ್ದೆ.